ಒಂದು ಸೆಕೆಂಡಿನ ಸೋಲು: ಲೆಕ್ಕ ಯಾರ ಹೆಸರಿಗೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಕೊಂಡದ್ದಲ್ಲ. ನಷ್ಟವಾಯಿತೆಂದೊಡನೆ ಅದನ್ನು ಯಾರದಾದರೂ ಒಬ್ಬರ ಹೆಸರಿಗೆ ಖರ್ಚು ಬರೆದು ಪುಸ್ತಕ ಮುಚ್ಚಿಬಿಡಬೇಕೆಂಬ ಆತುರ ಮನುಷ್ಯನಿಗೆ ಸಹಜವಾದುದು. ಆದರೆ ನಮ್ಮ ಹಿರಿಯರು ಇದಕ್ಕೆ ಒಪ್ಪಿದವರಲ್ಲ. ಕುರುಕ್ಷೇತ್ರದಲ್ಲಿ ಕರ್ಣನನ್ನು ಕೊಂದವರು ಯಾರು ಎಂದು ಕೇಳಿದರೆ ‘ಅರ್ಜುನ’ ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಅವರು ಸುಮ್ಮನಾಗುತ್ತಿರಲಿಲ್ಲ. ಪರಶುರಾಮರ ಶಾಪ, ಬ್ರಾಹ್ಮಣನ ಶಾಪ, ಇಂದ್ರನಿಗೆ ಕೊಟ್ಟ ಕವಚ ಕುಂಡಲ, ಕುಂತಿಗೆ ಕೊಟ್ಟ ಮಾತು, ಶಲ್ಯನ ಸಾರಥ್ಯ, ಕೃಷ್ಣನ ತಂತ್ರ ಎಂದು ಬೆರಳು ಮಡಿಸಿ ಎಣಿಸುತ್ತಿದ್ದರು. ತಾಳಮದ್ದಲೆಯ ಅರ್ಥಧಾರಿಗಳು ಈ ಒಂದು ಪ್ರಶ್ನೆಯ ಮೇಲೆ ಬೆಳಗಿನ ಜಾವದವರೆಗೂ ವಾದಿಸಬಲ್ಲರು. ಅರ್ಜುನನ ಬಾಣ ಕೊನೆಯ ಕಾರಣ; ಅದೊಂದೇ ಕಾರಣವಲ್ಲ.

ಇಂತಹುದೇ ಒಂದು ತಾಳಮದ್ದಲೆ ಸಮುದ್ರದಾಚೆಯ ಅಮೆರಿಕೆಯ ಅಲಬಾಮ ರಾಜ್ಯದಲ್ಲಿ 2013ರಿಂದ ನಡೆದಿದೆ. ವಾದದ ವಸ್ತು ಒಂದು ಕಾಲೇಜು ಫುಟ್‌ಬಾಲ್ ಪಂದ್ಯ. ‘ನಮಗೂ ಅದಕ್ಕೂ ಏನು ಸಂಬಂಧ?’ ಎಂದು ವಾಚಕರು ಕೇಳಬಹುದು. ಸೋಲಿನ ಲೆಕ್ಕಪರಿಶೋಧನೆಯನ್ನು ಹೇಗೆ ಮಾಡಬೇಕು, ಹೇಗೆ ಮಾಡಬಾರದು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಈ ಲೇಖಕನಿಗಂತೂ ಕಂಡಿಲ್ಲ. ಅಲ್ಲದೆ ಆ ಲೆಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ವಿದ್ಯಾರ್ಥಿಯ ಮನಶ್ಶಾಂತಿಯೂ ಸೇರಿತ್ತು. ಆದ್ದರಿಂದ ಆರೋಗ್ಯದ ಪುಟಗಳ ನಡುವೆ ಇದಕ್ಕೊಂದು ಸ್ಥಾನ ಸಲ್ಲುತ್ತದೆಂದು ನಂಬಿದ್ದೇನೆ.

ಆಟದ ಪರಿಚಯ

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಾಟವನ್ನಲ್ಲ. ಅಲ್ಲಿಯ ಚೆಂಡು ಮೊಟ್ಟೆಯಂತೆ ಉದ್ದುದ್ದ. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ಮೈದಾನದ ಉದ್ದ 100 ಗಜ. ಎರಡು ತುದಿಗಳಲ್ಲೂ ಹತ್ತು ಹತ್ತು ಗಜಗಳ ಅಂತ್ಯವಲಯಗಳಿವೆ. ಪ್ರತಿ ತಂಡದಿಂದ 11 ಜನ ಆಡುತ್ತಾರೆ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಪ್ರಯತ್ನಗಳು. ಅಷ್ಟರಲ್ಲಿ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳು ದೊರೆಯುತ್ತವೆ. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಎದುರಾಳಿಯ ಅಂತ್ಯವಲಯಕ್ಕೆ ಮುಟ್ಟಿಸಿದರೆ ಟಚ್‌ಡೌನ್, 6 ಅಂಕ. ಅನಂತರದ ಒಂದು ಸುಲಭ ಒದೆತಕ್ಕೆ 1 ಅಂಕ. ಮುಟ್ಟಿಸಲು ಅಸಾಧ್ಯವೆನಿಸಿದರೆ ಚೆಂಡನ್ನು ಎರಡು ಕಂಬಗಳ ನಡುವೆ ಒದ್ದು ಹಾಯಿಸಬಹುದು. ಅದು ಫೀಲ್ಡ್ ಗೋಲ್, 3 ಅಂಕ. ಇನ್ನೊಂದು ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು: ಹೀಗೆ ಒದ್ದ ಚೆಂಡು ಕಂಬದವರೆಗೆ ತಲುಪದೆ ಮೈದಾನದ ಒಳಗೇ ಇಳಿದರೆ, ಎದುರಾಳಿ ಅದನ್ನು ಹಿಡಿದು ಓಡಬಹುದು.

ಅಲಬಾಮ ವಿಶ್ವವಿದ್ಯಾಲಯಕ್ಕೂ ಆಬರ್ನ್ ವಿಶ್ವವಿದ್ಯಾಲಯಕ್ಕೂ ನಡುವೆ ವರ್ಷಕ್ಕೊಮ್ಮೆ ನಡೆಯುವ ಪಂದ್ಯಕ್ಕೆ ‘ಐರನ್ ಬೌಲ್’ ಎಂದು ಹೆಸರು. ಕಬ್ಬಿಣ ಉಕ್ಕಿನ ಕೈಗಾರಿಕೆಗೆ ಹೆಸರಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಬಹುಕಾಲ ಆಡಿದುದರಿಂದ ಈ ಹೆಸರು ಬಂದಿತು. 1893ರಲ್ಲಿ ಆರಂಭವಾದ ಈ ಪೈಪೋಟಿ 1907ರ ತರುವಾಯ 1948ರವರೆಗೆ ನಿಂತೇಹೋಗಿತ್ತು. ನಿಂತುದಕ್ಕೆ ಕಾರಣ ಆಟಗಾರರ ದಿನಭತ್ಯೆ, ಅವರ ಸಂಖ್ಯೆ ಮತ್ತು ತೀರ್ಪುಗಾರರ ಆಯ್ಕೆಯನ್ನು ಕುರಿತ ವಿವಾದ. ಭತ್ಯೆಯ ಬಿಲ್ಲಿನ ಮೇಲೆ ನಾಲ್ಕು ದಶಕ ಮುನಿಸಿಕೊಂಡವರಿದ್ದಾರೆಂದರೆ ನಮ್ಮ ಕಚೇರಿಗಳ ಗುಮಾಸ್ತರಿಗೂ ಕೊಂಚ ಸಮಾಧಾನವಾದೀತು!

ಆ ಶನಿವಾರ ನಡೆದುದು

2013ರ ನವೆಂಬರ್ 30. ಆಬರ್ನ್‌ನ ಜೋರ್ಡನ್-ಹೇರ್ ಕ್ರೀಡಾಂಗಣದಲ್ಲಿ 87 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು. ಅಲಬಾಮ ದೇಶದ ಪ್ರಥಮ ಶ್ರೇಯಾಂಕದ ತಂಡ. 2011 ಮತ್ತು 2012ರ ರಾಷ್ಟ್ರೀಯ ಪ್ರಶಸ್ತಿ ಗೆದ್ದು ಮೂರನೆಯದರ ಕಡೆಗೆ ಸೋಲಿಲ್ಲದೆ ಸಾಗಿತ್ತು. ಅದರ ತರಬೇತುದಾರ ನಿಕ್ ಸೇಬನ್ ಆ ಕಾಲದ ದ್ರೋಣಾಚಾರ್ಯ. ಆಬರ್ನ್ ಹಿಂದಿನ ವರ್ಷ ತನ್ನ ವಲಯದ ಎಂಟೂ ಪಂದ್ಯಗಳನ್ನು ಸೋತು, ಅಲಬಾಮದ ಎದುರು 49–0 ಅಂತರದಲ್ಲಿ ಮಣ್ಣುಮುಕ್ಕಿತ್ತು. ಗಸ್ ಮಾಲ್ಜಾನ್ ಎಂಬ ಹೊಸ ತರಬೇತುದಾರನ ಕೈಯಲ್ಲಿ ಒಂದೇ ವರ್ಷದಲ್ಲಿ ಚೇತರಿಸಿಕೊಂಡು ನಾಲ್ಕನೆಯ ಶ್ರೇಯಾಂಕಕ್ಕೆ ಏರಿತ್ತು.

ಮಧ್ಯಂತರದ ವೇಳೆಗೆ ಅಲಬಾಮ 21–14ರಿಂದ ಮುಂದಿತ್ತು. ಮೂರನೆಯ ಅವಧಿಯಲ್ಲಿ 21–21. ಕೊನೆಯ ಅವಧಿಯಲ್ಲಿ ಅಲಬಾಮದ ಎ. ಜೆ. ಮೆಕ್ಯಾರನ್ ಎಸೆದ ಚೆಂಡನ್ನು ಹಿಡಿದ ಅಮರಿ ಕೂಪರ್ 99 ಗಜಗಳ ಟಚ್‌ಡೌನ್ ಸಾಧಿಸಿದಾಗ 28–21. ಪಂದ್ಯ ಮುಗಿಯಲು 32 ಸೆಕೆಂಡ್ ಉಳಿದಿರುವಾಗ ಆಬರ್ನ್‌ನ ನಿಕ್ ಮಾರ್ಷಲ್ 39 ಗಜದ ಎಸೆತದಿಂದ ಸ್ಯಾಮಿ ಕೋಟ್ಸ್‌ಗೆ ಚೆಂಡು ಮುಟ್ಟಿಸಿದ. 28–28.

ಅಲಬಾಮದ ಟಿ. ಜೆ. ಯೆಲ್ಡನ್ ಚೆಂಡು ಹಿಡಿದು ಆಬರ್ನ್‌ನ 38 ಗಜದ ಗೆರೆಯ ಬಳಿ ಹೊರಗೆ ಸರಿಯುವಷ್ಟರಲ್ಲಿ ಗಡಿಯಾರ ಸೊನ್ನೆ ತೋರಿಸಿತು. ಸೇಬನ್ ತಕರಾರು ಎತ್ತಿದರು. ಚಿತ್ರವನ್ನು ಪರಿಶೀಲಿಸಿದ ತೀರ್ಪುಗಾರರು ‘ಒಂದು ಸೆಕೆಂಡ್ ಬಾಕಿ ಇದೆ’ ಎಂದರು. ಆ ಒಂದು ಸೆಕೆಂಡಿನಲ್ಲಿ ಸೇಬನ್ 57 ಗಜದ ಫೀಲ್ಡ್ ಗೋಲಿಗೆ ಆದೇಶವಿತ್ತರು. ಒದ್ದವನು ಆಡಮ್ ಗ್ರಿಫಿತ್ ಎಂಬ ಕಿರಿಯ ವಿದ್ಯಾರ್ಥಿ. ಚೆಂಡು ಕಂಬದವರೆಗೆ ಹೋಗಲಿಲ್ಲ. ಅಂತ್ಯವಲಯದ ಹಿಂಬದಿಯಲ್ಲಿ ನಿಂತಿದ್ದ ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು, ಎಡ ಅಂಚಿನ ಗುಂಟ ಸುಮಾರು 109 ಗಜ ಓಡಿ, ಆಚೆಯ ಅಂತ್ಯವಲಯವನ್ನು ಮುಟ್ಟಿದ. ಆಬರ್ನ್ 34, ಅಲಬಾಮ 28. ಗಡಿಯಾರದಲ್ಲಿ ಮತ್ತೇನೂ ಉಳಿದಿರಲಿಲ್ಲ.

ಆರೋಪಿಗಳ ಪಟ್ಟಿ

ಅಂದಿನಿಂದ ಆರಂಭವಾಯಿತು ವಿಚಾರಣೆ. ಪಟ್ಟಿಯಲ್ಲಿ ಮೊದಲು ಬಂದ ಹೆಸರು ಕೊನೆಯ ಒದೆತದ ಗ್ರಿಫಿತ್‌ನದಲ್ಲ. ಅದಕ್ಕೆ ಮುಂಚಿನ ಒದೆತಗಳ ಜವಾಬ್ದಾರಿ ಹೊತ್ತಿದ್ದ ಕೇಡ್ ಫಾಸ್ಟರ್ ಎಂಬ ಅಂತಿಮ ವರ್ಷದ ವಿದ್ಯಾರ್ಥಿಯದು. ಅವನ ಮೂರು ಪ್ರಯತ್ನಗಳೂ ವಿಫಲವಾಗಿದ್ದವು. ಮೂರು ಮೂರಲೆ ಒಂಬತ್ತು. ತಂಡ ಸೋತದ್ದು ಆರು ಅಂಕಗಳಿಂದ. ‘ಲೆಕ್ಕ ಸ್ಪಷ್ಟವಾಗಿದೆಯಲ್ಲ!’ ಎಂದು ಜನ ತೀರ್ಮಾನಿಸಿಬಿಟ್ಟರು. ಟ್ವಿಟರಿನಲ್ಲಿ ಆ ಹುಡುಗನ ಮೇಲೆ ಬೈಗುಳದ ಮಳೆ ಸುರಿಯಿತು. ಪ್ರಾಣ ಬೆದರಿಕೆಗಳೂ ಬಂದವು. ಒಂದು ಆಟಕ್ಕಾಗಿ!

ಬ್ಯಾಂಕಿನಲ್ಲಿ ದಿನದ ಕೊನೆಗೆ ಶಿಲ್ಕು ತಾಳೆಯಾಗದಿದ್ದರೆ, ಕಣ್ಣಿಗೆ ಬಿದ್ದ ದೊಡ್ಡ ಅಂಕಿಯ ವೋಚರನ್ನೇ ದೋಷಿಯೆಂದು ಯಾರೂ ಎತ್ತಿಡುವುದಿಲ್ಲ. ಬೆಳಗಿನ ಮೊದಲ ವೋಚರಿನಿಂದ ಟಿಕ್ ಹಾಕುತ್ತಾ ಬರುತ್ತೇವೆ. ಅದೇ ಕ್ರಮವನ್ನು ಇಲ್ಲಿಯೂ ಅನುಸರಿಸೋಣ.

ಫಾಸ್ಟರನ ಮೂರು ನಮೂದುಗಳನ್ನು ನೋಡಿ. ಒಂದು 44 ಗಜದ ಒದೆತ, ಗುರಿ ತಪ್ಪಿತು. ಇದು ನಿಸ್ಸಂದೇಹವಾಗಿ ಅವನ ಖಾತೆಗೆ. ಎರಡನೆಯ ಸಂದರ್ಭದಲ್ಲಿ ಅವನು 28 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಸರಿಯಾಗಿಯೇ ಹಾದುಹೋಗಿತ್ತು. ಆದರೆ ಅವನದೇ ತಂಡದವರು ಕಾಲಕ್ಕೆ ಮುಂಚೆ ಕದಲಿದರೆಂದು ಅದು ರದ್ದಾಯಿತು. 5 ಗಜ ಹಿಂದಕ್ಕೆ ಸರಿದು, 33 ಗಜದಿಂದ ಮತ್ತೆ ಒದೆಯಬೇಕಾಯಿತು, ಆಗ ತಪ್ಪಿತು. ಇದು ಜಂಟಿ ಖಾತೆ. ಮೂರನೆಯದು ಪುನಃ 44 ಗಜ. ಎದುರಾಳಿಗಳು ಒಳನುಗ್ಗಿ ಚೆಂಡನ್ನು ತಡೆದುಬಿಟ್ಟರು. ಒದೆಯುವವನನ್ನು ಕಾಯಬೇಕಾದ ಗೋಡೆ ಬಿರುಕು ಬಿಟ್ಟಿತ್ತು. ಒಂಬತ್ತು ಅಂಕಗಳ ಪೂರ್ತಿ ಸಾಲವನ್ನು ಒಬ್ಬನ ಹೆಸರಿಗೆ ಬರೆಯುವುದು ಯಾವ ಲೆಕ್ಕಶಾಸ್ತ್ರಕ್ಕೂ ಒಪ್ಪತಕ್ಕದ್ದಲ್ಲ.

ಎರಡನೆಯ ಆರೋಪಿ ಸಾಕ್ಷಾತ್ ಗುರುಗಳು. 28–21ರ ಮುನ್ನಡೆಯಿದ್ದಾಗ ಅಲಬಾಮ ಎದುರಾಳಿಯ 13 ಗಜದ ಗೆರೆಯ ಬಳಿಗೆ ಬಂದಿತ್ತು. ನಾಲ್ಕನೆಯ ಪ್ರಯತ್ನ, ಬೇಕಾದುದು ಒಂದೇ ಗಜ. ಸುಮಾರು 30 ಗಜದ ಒದೆತಕ್ಕೆ ಆದೇಶ ಕೊಟ್ಟು ಅದು ಫಲಿಸಿದ್ದರೆ 31–21. ಆಗ ಆಬರ್ನ್ ಎರಡು ಬಾರಿ ಅಂಕ ಗಳಿಸಬೇಕಾಗುತ್ತಿತ್ತು. ಸೇಬನ್ ಒದೆಯುವುದಕ್ಕೆ ಬದಲು ಓಡಿಸಿದರು. ಆಬರ್ನ್ ಆ ಒಂದು ಗಜವನ್ನು ಕೊಡಲಿಲ್ಲ. ಹಿಂದಿನ ಒದೆತಗಳು ತಪ್ಪಿರದಿದ್ದರೆ ಅವರು ಇಲ್ಲಿ ಒದೆಯಿಸುತ್ತಿದ್ದರೆಂಬುದು ಬಹುಜನರ ವಾದ. ಈ ವಾದದಲ್ಲಿ ಹುರುಳಿದೆ. ತಪ್ಪಿದ ಒದೆತ ಕಳೆಯುವುದು ಮೂರೇ ಅಂಕ. ಆದರೆ ಅದರಿಂದ ಹುಟ್ಟಿದ ಅವಿಶ್ವಾಸ ಮುಂದಿನ ತೀರ್ಮಾನಗಳನ್ನೆಲ್ಲ ಬಾಗಿಸುತ್ತದೆ. ಒಮ್ಮೆ ಕಂತು ತಪ್ಪಿದ ಗ್ರಾಹಕನಿಗೆ ಅನಂತರ ನ್ಯಾಯವಾದ ಸಾಲವನ್ನೂ ನಿರಾಕರಿಸಿ, ಅವನ ಅಂಗಡಿಯನ್ನೂ ನಮ್ಮ ಬಡ್ಡಿಯನ್ನೂ ಒಟ್ಟಿಗೇ ಮುಳುಗಿಸಿಕೊಂಡ ಕಥೆಗಳು ನಮ್ಮ ವೃತ್ತಿಯಲ್ಲಿ ವಿರಳವಲ್ಲ.

ಮೂರನೆಯದು, ಕೋಟ್ಸ್‌ನನ್ನು ಒಂಟಿಯಾಗಿ ಬಿಟ್ಟ ರಕ್ಷಣಾ ಪಡೆ. ಮಾರ್ಷಲ್ ತಾನೇ ಓಡುವನೆಂದು ನಂಬಿ ಕಾವಲಿನವನು ಮುಂದೆ ನುಗ್ಗಿದ. ಹಿಂದೆ ಬಯಲು ಬರಿದಾಯಿತು. ಅದೊಂದು ಟಚ್‌ಡೌನ್ ಬಾರದಿದ್ದರೆ ಕೊನೆಯ ಸೆಕೆಂಡಿನ ಪ್ರಶ್ನೆಯೇ ಉದ್ಭವಿಸುತ್ತಿರಲಿಲ್ಲ.

ನಾಲ್ಕನೆಯದು, ಆ ಒಂದು ಸೆಕೆಂಡ್. ಸೇಬನ್ ಹಟ ಹಿಡಿಯದಿದ್ದರೆ ಪಂದ್ಯ ಹೆಚ್ಚುವರಿ ಅವಧಿಗೆ ಹೋಗುತ್ತಿತ್ತು. ಕೇಳಿ ಪಡೆದ ವರವೇ ಶಾಪವಾದ ಕಥೆ ನಮ್ಮ ಪುರಾಣಗಳಲ್ಲಿ ಬೇಕಾದಷ್ಟಿವೆ, ಭಸ್ಮಾಸುರನನ್ನು ನೆನೆಯಬಹುದು. ಆದರೂ ಸೆಕೆಂಡನ್ನು ಕೇಳಿದ್ದು ತಪ್ಪೆಂದು ಹೇಳಲಾಗದು. ನ್ಯಾಯವಾಗಿ ಬರಬೇಕಾದುದನ್ನು ಕೇಳುವುದು ನಾಯಕನ ಧರ್ಮ.

ಐದನೆಯದೇ ಅತ್ಯಂತ ಮುಖ್ಯವಾದುದು. ಗದ್ದಲದಲ್ಲಿ ಹೆಚ್ಚು ಜನ ಗಮನಿಸದೆ ಹೋದುದು. ಫೀಲ್ಡ್ ಗೋಲ್ ಒದೆಯುವಾಗ ಮೈದಾನದಲ್ಲಿ ನಿಲ್ಲುವವರು ಬಹುತೇಕ ಭಾರೀ ಮೈಕಟ್ಟಿನವರು. ಎದುರಾಳಿಗಳನ್ನು ತಡೆಯಲು ಅವರು ತಕ್ಕವರೇ ಹೊರತು ಓಡುವವನನ್ನು ಬೆನ್ನಟ್ಟಲು ಅಲ್ಲ. 57 ಗಜದ ಒದೆತ ಕಾಲೇಜು ಹುಡುಗರಿಗೆ ಬಲು ದೂರ; ಚೆಂಡು ಗಿಡ್ಡವಾಗುವ ಸಂಭವ ಎದ್ದುಕಾಣುತ್ತಿತ್ತು. ಗಿಡ್ಡವಾದರೆ ಬೆನ್ನಟ್ಟುವವರು ಯಾರು? ‘ಒದ್ದರೆ ಗೆಲುವು, ತಪ್ಪಿದರೆ ಹೆಚ್ಚುವರಿ ಅವಧಿ’ ಎಂಬ ಎರಡೇ ಕಲಮುಗಳ ಲೆಕ್ಕ ಹಾಕಿದ್ದರು. ‘ತಪ್ಪಿದರೆ ಸೋಲು’ ಎಂಬ ಮೂರನೆಯ ಕಲಮಿಗೆ ಸಾಕಷ್ಟು ಏರ್ಪಾಡು ಇರಲಿಲ್ಲ. ಸಾಲ ಮಂಜೂರು ಮಾಡುವಾಗ ಲಾಭವನ್ನೂ ‘ಲಾಭವಿಲ್ಲ’ ಎಂಬುದನ್ನೂ ಎಣಿಸಿ, ಅಸಲೇ ಮುಳುಗುವ ಸಂಭವವನ್ನು ಬಿಟ್ಟಂತಾಯಿತು ಇದು. ನನ್ನನ್ನು ಕೇಳಿದರೆ, ಕೊನೆಯ ಕ್ಷಣದ ನಷ್ಟವನ್ನು ಬರೆಯಬೇಕಾದುದು ಈ ಕಲಮಿನಲ್ಲಿ. ಯಾವ ವಿದ್ಯಾರ್ಥಿಯ ಕಾಲಿನ ಮೇಲೂ ಅಲ್ಲ.

ಜಮೆಯ ಪುಟ

ಇಷ್ಟಾದರೂ ಲೆಕ್ಕ ಪೂರ್ಣವಾಗಲಿಲ್ಲ. ಜೋಡಿ ನಮೂದಿನ ಪದ್ಧತಿಯಲ್ಲಿ ಪ್ರತಿ ಖರ್ಚಿಗೂ ಎದುರಿಗೆ ಒಂದು ಜಮೆ ಇರಲೇಬೇಕು. ‘ಅಲಬಾಮ ಯಾತಕ್ಕೆ ಸೋತಿತು?’ ಎಂದು ವಾದಿಸುವವರು ಖರ್ಚಿನ ಪುಟವನ್ನಷ್ಟೇ ಓದುತ್ತಾರೆ. ಒಂದು ಗಜವನ್ನು ಬಿಟ್ಟುಕೊಡದ ಆಬರ್ನ್‌ನ ರಕ್ಷಕರು, ಒದೆತವನ್ನು ತಡೆದ ಕೈ, ಕೊನೆಯ ಒದೆತಕ್ಕೆ ಮುನ್ನ ವಿರಾಮ ಕೇಳಿ ಹಿಂಬದಿಗೆ ಡೇವಿಸ್‌ನನ್ನು ಕಳುಹಿಸಿದ ಮಾಲ್ಜಾನ್‌ರ ಮುಂದಾಲೋಚನೆ, ಓಡುವವನಿಗೆ ದಾರಿ ಮಾಡಿಕೊಟ್ಟ ಸಂಗಾತಿಗಳು, ಇವೆಲ್ಲ ಯಾರ ಖಾತೆಯ ಜಮೆ? ಎದುರಾಳಿಯೂ ಆಡಲೆಂದೇ ಬಂದಿರುತ್ತಾನೆ. ಈ ಸತ್ಯವನ್ನು ಮರೆತ ವಿಚಾರಣೆಯಲ್ಲಿ ನಮ್ಮವರನ್ನು ಹಳಿಯುವುದೊಂದೇ ಉಳಿಯುತ್ತದೆ.

ಇದನ್ನು ಮುಂಬಯಿಯಲ್ಲಿರುವ ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ನಡೆದ ರಣಜಿ ಟ್ರೋಫಿ ಅಂತಿಮ ಪಂದ್ಯದಲ್ಲಿ ಮುಂಬಯಿ 233 ಮತ್ತು 234, ಕರ್ನಾಟಕ 130 ಮತ್ತು 331. ಸೋತದ್ದು 6 ಓಟಗಳಿಂದ, ಇಲ್ಲಿಯೂ ಆರೇ! ಮರುದಿನ ಸಹೋದ್ಯೋಗಿಗಳ ಕೀಟಲೆಯನ್ನು ನುಂಗಿಕೊಂಡು, ಸಂಜೆ ನಮ್ಮ ನಮ್ಮಲ್ಲೇ ವಾದಿಸಿದವರು ಅನೇಕರು. ಕೊನೆಯ ವಿಕೆಟ್ಟಿನ ಹೊಡೆತ ಕಾರಣವೇ? 144 ಓಟ ಗಳಿಸಿದ ಮನೀಶ್ ಪಾಂಡೆ ಇನ್ನಷ್ಟು ಹೊತ್ತು ನಿಲ್ಲಬೇಕಾಗಿತ್ತೇ? ವೋಚರುಗಳನ್ನು ಮೊದಲಿನಿಂದ ತಿರುವಿದವರಿಗೆ ಕಾಣುವುದು ಬೇರೆಯೇ: ಮೊದಲ ಸರದಿಯಲ್ಲೇ 103 ಓಟಗಳ ಹಿನ್ನಡೆಯಾಗಿತ್ತು. ಅದನ್ನು ತೀರಿಸಲು ಹೋರಾಡಿದ ಹುಡುಗರ ಮೇಲೆಯೇ ಕೊನೆಯ ಆರು ಓಟಗಳ ಋಣವನ್ನು ಹೊರಿಸುವುದು ಎಂತಹ ನ್ಯಾಯ?

ಅನಂತರದ ಕಥೆ

ಫಾಸ್ಟರನನ್ನು ಅವನ ಸಂಗಾತಿಗಳು ಕೈಬಿಡಲಿಲ್ಲ. ಅಮೆರಿಕೆಯ 43ನೆಯ ಅಧ್ಯಕ್ಷರಾಗಿದ್ದ ಜಾರ್ಜ್ ಡಬ್ಲ್ಯು. ಬುಷ್ ಅವರು, 43ನೆಯ ಸಂಖ್ಯೆಯ ಅಂಗಿ ತೊಡುತ್ತಿದ್ದ ಈ ಹುಡುಗನಿಗೆ ಸ್ವಹಸ್ತದಿಂದ ಒಂದು ಚೀಟಿ ಬರೆದರು. ಬಾಳಿನಲ್ಲಿ ಹಿನ್ನಡೆಗಳು ಬರುತ್ತವೆ, ಅದನ್ನು ತಾವೂ ಬಲ್ಲೆವು, ಕಾಲಕ್ರಮದಲ್ಲಿ ನೀನು ಇನ್ನಷ್ಟು ಗಟ್ಟಿಯಾಗುವೆ ಎಂಬುದು ಅದರ ತಾತ್ಪರ್ಯ. ಬುಷ್ ಅವರ ರಾಜಕೀಯವನ್ನು ಯಾರು ಹೇಗೆ ಬೇಕಾದರೂ ಅಳೆಯಲಿ. ಸೋತ ಹುಡುಗನಿಗೆ ಎರಡು ಸಾಲು ಬರೆಯುವ ಸೌಜನ್ಯವನ್ನು ಮೆಚ್ಚದಿರಲಾಗದು.

ಗ್ರಿಫಿತ್‌ನ ಕಥೆ ಇನ್ನೂ ಸ್ವಾರಸ್ಯಕರ. ಅವನು ಪೋಲೆಂಡ್ ದೇಶದ ಅನಾಥಾಲಯದಲ್ಲಿ ಬೆಳೆದು, ಹದಿಹರೆಯದಲ್ಲಿ ಅಮೆರಿಕದ ಒಂದು ಕುಟುಂಬಕ್ಕೆ ದತ್ತುಪುತ್ರನಾಗಿ ಬಂದವನು. ಆ ಒಂದು ಸೆಕೆಂಡಿನ ತರುವಾಯ ಅವನನ್ನು ಮೂಲೆಗೆ ತಳ್ಳಬಹುದಾಗಿತ್ತು. ಸೇಬನ್ ಹಾಗೆ ಮಾಡಲಿಲ್ಲ. 2016ರ ಜನವರಿ 11ರಂದು ಕ್ಲೆಮ್ಸನ್ ವಿರುದ್ಧದ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯದಲ್ಲಿ, 24–24 ಸಮನಾಗಿದ್ದ ಕೊನೆಯ ಅವಧಿಯಲ್ಲಿ, ಸೇಬನ್ ಯಾರೂ ನಿರೀಕ್ಷಿಸದ ಒಂದು ಗಿಡ್ಡ ಒದೆತಕ್ಕೆ ಸನ್ನೆ ಮಾಡಿದರು. ಒದ್ದವನು ಅದೇ ಗ್ರಿಫಿತ್. ಚೆಂಡು ಮೇಲಕ್ಕೆದ್ದು ಲೆಕ್ಕವಿಟ್ಟಂತೆ ತನ್ನ ತಂಡದವನ ಕೈಗೇ ಇಳಿಯಿತು. ಆಟದ ಗತಿ ಅಲ್ಲಿಂದ ತಿರುಗಿ ಅಲಬಾಮ 45–40ರಿಂದ ಪ್ರಶಸ್ತಿ ಗೆದ್ದಿತು. 2013ರಲ್ಲಿ ಆ ಹುಡುಗನ ಖಾತೆಯನ್ನು ಮುಚ್ಚಿಬಿಟ್ಟಿದ್ದರೆ, 2016ರಲ್ಲಿ ಈ ಜಮೆ ಎಲ್ಲಿಂದ ಬರುತ್ತಿತ್ತು? ಸೇಬನ್ 2024ರ ಜನವರಿಯಲ್ಲಿ ನಿವೃತ್ತರಾಗುವಾಗ ಅವರ ಹೆಸರಿನಲ್ಲಿ ಏಳು ರಾಷ್ಟ್ರೀಯ ಪ್ರಶಸ್ತಿಗಳಿದ್ದವು.

ಪ್ರೇಕ್ಷಕರ ಹೃದಯ

ಸೋಲಿನ ಬೆಲೆ ತೆರುವವರು ಆಟಗಾರರು ಮಾತ್ರವೇ ಅಲ್ಲ. 2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದಾಗ ಮ್ಯೂನಿಕ್ ಪ್ರದೇಶದ ವೈದ್ಯರು ಹೃದಯದ ತುರ್ತು ಪ್ರಕರಣಗಳನ್ನು ಎಣಿಸಿದರು. ಜರ್ಮನ್ ತಂಡ ಆಡಿದ ದಿನಗಳಲ್ಲಿ ಅವು ಇತರ ದಿನಗಳಿಗಿಂತ 2.66 ಪಟ್ಟು ಹೆಚ್ಚಾಗಿದ್ದುವೆಂದು 2008ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಪಂದ್ಯ ಆರಂಭವಾದ ಮೊದಲ ಎರಡು ಗಂಟೆಗಳಲ್ಲಿ ಅಪಾಯ ಅತಿ ಹೆಚ್ಚು; ಮೊದಲೇ ಹೃದ್ರೋಗವಿದ್ದವರಲ್ಲಿ ಇನ್ನೂ ಅಧಿಕ. ಉದ್ವೇಗದಲ್ಲಿ ಅಡ್ರಿನಲಿನ್ ಮುಂತಾದ ಸ್ರಾವಗಳು ರಕ್ತಕ್ಕೆ ಸೇರಿ, ನಾಡಿಯ ವೇಗವನ್ನೂ ರಕ್ತದೊತ್ತಡವನ್ನೂ ಏರಿಸುತ್ತವೆ. ದುರ್ಬಲ ಹೃದಯಕ್ಕೆ ಅದು ಹೊರೆಯಾಗುತ್ತದೆ.

ಆದುದರಿಂದ ರಕ್ತದೊತ್ತಡ, ಹೃದ್ರೋಗಗಳಿರುವ ಬಂಧುಗಳು ಪಂದ್ಯದ ದಿನ ಮಾತ್ರೆಯನ್ನು ಮರೆಯಬಾರದು. ಕರಿದ ತಿಂಡಿ, ಧೂಮಪಾನ, ಮದ್ಯಗಳನ್ನು ದೂರವಿಡುವುದು ಲೇಸು. ವಿರಾಮದಲ್ಲಿ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಎದೆಯಲ್ಲಿ ಬಿಗಿತ, ತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಾಣಿಸಿದರೆ ‘ಈ ಓವರ್ ಮುಗಿಯಲಿ’ ಎಂದು ಕಾಯದೆ 112 ಅಥವಾ 108ಕ್ಕೆ ದೂರವಾಣಿ ಮಾಡಿ ಆಸ್ಪತ್ರೆ ಸೇರಬೇಕು.

ಇನ್ನು ಮನಸ್ಸಿನ ಮಾತು. ಪರವೂರಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಮಕ್ಕಳ ಮೇಲೆ ನಿರೀಕ್ಷೆಯ ಭಾರ ತುಸು ಹೆಚ್ಚೇ. ಒಂದೆರಡು ಅಂಕಗಳಿಂದ ವೈದ್ಯಕೀಯ ಸೀಟು ತಪ್ಪಿದ ಮಗನಿಗೆ, ಸಂದರ್ಶನದ ಕೊನೆಯ ಸುತ್ತಿನಲ್ಲಿ ಹಿಂದುಳಿದ ಮಗಳಿಗೆ ‘ಆ ಒಂದು ಪ್ರಶ್ನೆಯನ್ನು ಸರಿಯಾಗಿ ಬರೆದಿದ್ದರೆ’ ಎಂದು ದಿನಕ್ಕೆ ಹತ್ತು ಬಾರಿ ಹೇಳುವವರಿದ್ದಾರೆ. ನೆರೆಹೊರೆಯವರೂ ನೆಂಟರೂ ದನಿಗೂಡಿಸುತ್ತಾರೆ. ಈಗ ಮೊಬೈಲಿನ ಗುಂಪುಗಳೂ ಸೇರಿಕೊಂಡಿವೆ. ಮಗುವಿನ ಎದುರಿಗೆ ಕೊನೆಯ ವೋಚರನ್ನೇ ಹಿಡಿದು ನಿಲ್ಲುವ ಬದಲು, ವರ್ಷವಿಡೀ ಏನು ನಡೆಯಿತು, ಮನೆಯಲ್ಲಿ ಓದಲು ಶಾಂತಿಯಿತ್ತೇ, ನಿದ್ರೆ ಸಾಕಾಗಿತ್ತೇ, ನಮ್ಮ ಪಾಲಿನ ನಮೂದುಗಳೆಷ್ಟು ಎಂದು ತಂದೆತಾಯಿಗಳು ಮೊದಲು ಟಿಕ್ ಹಾಕಿ ನೋಡಬೇಕು. ಹಾಗೆ ನೋಡಿದ ಮೇಲೆ ಮಗುವಿನ ತಪ್ಪೂ ಒಂದು ಸಾಲಿನಲ್ಲಿ ಉಳಿಯಬಹುದು, ಉಳಿಯಲಿ. ಆದರೆ ಆಗ ಅದು ತಿದ್ದಿಕೊಳ್ಳುವ ಗಾತ್ರಕ್ಕೆ ಇಳಿದಿರುತ್ತದೆ.

ನಿದ್ರೆ ಬಾರದೆ, ಊಟ ಬಿಟ್ಟು, ಯಾರೊಡನೆಯೂ ಮಾತಾಡದೆ ದಿನಗಟ್ಟಲೆ ಕುಳಿತ ಮಗುವನ್ನು ಕಂಡರೆ ‘ತಾನಾಗಿ ಸರಿಹೋದೀತು’ ಎಂದು ಬಿಡದೆ ವೈದ್ಯರ ಸಲಹೆ ಪಡೆಯತಕ್ಕದ್ದು. ಭಾರತ ಸರಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಯಾವ ಊರಿನಿಂದಲಾದರೂ, ಯಾವ ಹೊತ್ತಿನಲ್ಲಾದರೂ, ಖರ್ಚಿಲ್ಲದೆ ಕರೆ ಮಾಡಬಹುದು. ಅನೇಕ ಭಾಷೆಗಳಲ್ಲಿ ಸೇವೆ ದೊರೆಯುತ್ತದೆ, ಕನ್ನಡವೂ ಅವುಗಳಲ್ಲಿ ಒಂದು. ಈ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಇಂದೇ ಬರೆದಿಟ್ಟುಕೊಳ್ಳಬೇಕೆಂದು ವಾಚಕರಲ್ಲಿ ವಿನಂತಿ.